ಎರಡು ಎಚ್‌ಪಿಯ ಸಿಟ್ಟು

ಸಿಂಧನೂರಿನ ಮೋಟರ್ ಅಂಗಡಿಯಲ್ಲಿ ನಿಯಾಜನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ತಾನೂ ನಾಲ್ಕು ಬೈದು, ಹೊಟ್ಟೆ ಹಗುರ ಮಾಡಿಕೊಂಡು, ಬೇಕಾದದ್ದನ್ನೇ ತರುತ್ತಿದ್ದ. ಗಾಜಿನ ಮೇಜಿನ ಹಿಂದೆ ಕೂತಿದ್ದ ಇಸ್ತ್ರಿ ಅಂಗಿಯವನು ಮೆತ್ತಗೆ ಕೇಳಿದ್ದು ಇಷ್ಟೇ:

“ಯಾವ ಅಪ್ಲಿಕೇಶನ್ನಿಗೆ ಬೇಕು ಸರ್? ಸ್ಟಾರ್ಟಿಂಗ್ ಟಾರ್ಕ್ ಎಷ್ಟಿರಬೇಕು?”

ನಿಯಾಜ್ ಮಸ್ಕಿಯಲ್ಲಿ ಭತ್ತ ಕೊಯ್ಯುವ ಮಷಿನ್‌ಗಳ ಹೊಟ್ಟೆ ಬಿಚ್ಚಿ ಮತ್ತೆ ಮುಚ್ಚುವ ಕೆಲಸದವನು. ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗೆ ಹಚ್ಚಿ, ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ, ಯಾವ ಬೇರಿಂಗ್ ಇನ್ನೆಷ್ಟು ದಿನ ಬದುಕುತ್ತದೆ ಎಂದು ಹೇಳುತ್ತಾನೆ. ಆದರೆ ಎಂಟನೇ ತರಗತಿಗೆ ಶಾಲೆ ಬಿಟ್ಟವನಿಗೆ ಇಂಥ ಮಾತುಗಳನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

“ಹತ್ತಿ ಹಿಂಜೋ ಮಿಷನ್ನಿಗೆ ಬೇಕ್ರಿ. ಸಿಂಗಲ್ ಫೇಸು,” ಎಂದ.

“ಅದು ಗೊತ್ತಾತು. ಲೋಡ್ ಎಷ್ಟು ಬೀಳತೈತಿ ಅಂತ ಕೇಳಿದೆ.”

“ಹತ್ತಿ ಲೋಡ್ರಿ. ಹತ್ತಿ ಎಷ್ಟು ಭಾರ ಇರತೈತಿ?”

ಬದಿಯಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಇಸ್ತ್ರಿ ಅಂಗಿಯವನು ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಯಿತು. “ಯಾರರ ತಿಳಿದೋರನ್ನ ಕರ್ಕೊಂಡು ಬಂದಿದ್ರ ಚಲೋ ಆಗತಿತ್ತು ನೋಡ್ರಿ,” ಎಂದ.

ತಿಳಿದವರು! ಕೊಯ್ಲಿನ ಹೊತ್ತಿಗೆ ಮಷಿನ್ ಕೆಟ್ಟು ನಿಂತರೆ ಈ ತಿಳಿದವರೇ ಮಸ್ಕಿಯ ರಸ್ತೆಯಲ್ಲಿ ನಿಂತು ‘ನಿಯಾಜ್ ಭಾಯಿ, ನಿಯಾಜ್ ಭಾಯಿ’ ಎಂದು ಹಲ್ಲು ಗಿಂಜುತ್ತಾರೆ. ಅದೇ ನಿಯಾಜ್ ಭಾಯಿ ಗಾಜಿನ ಬಾಗಿಲು ದೂಡಿ ಒಳಗೆ ಬಂದರೆ, ಕೈಯ ಗ್ರೀಸು ನೋಡಿದ ಕೂಡಲೇ ತಿಳಿಯದವನಾಗಿಬಿಡುತ್ತಾನೆ. ಅವನ ಕಿವಿ ಕಾದವು.

“ನಿಮ್ಮಲ್ಲಿ ಇದ್ದಿದ್ದರಾಗ ದೊಡ್ಡದು ಯಾವುದೈತಿ, ಅದನ್ನ ತೆಗೀರಿ.”

“ಸಿಂಗಲ್ ಫೇಸಿನಾಗ ಎರಡು ಎಚ್‌ಪಿ ಐತಿ. ಆದ್ರ ನಿಮ್ಮ ಊರಿನ ವೋಲ್ಟೇಜ್...”

“ವೋಲ್ಟೇಜ್ ನಾ ನೋಡ್ಕೊತೀನಿ. ಕಟ್ರಿ.”

ಕಟ್ಟಿದರು. ನಿಯಾಜ್ ಅದನ್ನು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು, ಮೊಣಕಾಲಿನಿಂದ ಒತ್ತಿ ಹಿಡಿದು, ವಳಕಮದಿನ್ನಿಯ ದಾರಿ ಹಿಡಿದ. ದಾರಿಯುದ್ದಕ್ಕೂ ಇಸ್ತ್ರಿ ಅಂಗಿಯವನಿಗೆ ಹೇಳಬೇಕಾಗಿದ್ದ ಉತ್ತರಗಳು ಒಂದೊಂದಾಗಿ ಹೊಳೆಯುತ್ತ ಬಂದವು. ಮೋಟರ್ ಸರಿಯಾದದ್ದೋ ಅಲ್ಲವೋ ಎಂಬುದೊಂದು ಮಾತ್ರ ಹೊಳೆಯಲಿಲ್ಲ.

ವಳಕಮದಿನ್ನಿ ಅವನ ಅಕ್ಕ ವಸೀಮಾಳ ಗಂಡನ ಊರು. ಗಂಡ ಮಂಜೂರ್ ಕೊಯ್ಲಿನ ಮಷಿನ್ ಓಡಿಸಿಕೊಂಡು ವರ್ಷದಲ್ಲಿ ಎಂಟು ತಿಂಗಳು ಆಂಧ್ರ, ತೆಲಂಗಾಣ ಅಲೆಯುವವನು. ಮನೆಯಲ್ಲಿ ಉಳಿದವರು ವಸೀಮಾ ಮತ್ತು ಅವಳ ಮಾವ ಜಂಗ್ಲಿಸಾಬ್. ಜಂಗ್ಲಿಸಾಬ್ ಪಿಂಜಾರ. ಐವತ್ತು ವರ್ಷ ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ, ಗಂಟುಗಟ್ಟಿದ ಗಾದಿಗಳ ಹತ್ತಿಯನ್ನು ಹಿಂಜಿ ಮತ್ತೆ ಹೊಸದು ಮಾಡಿಕೊಟ್ಟವನು. ಬಿಲ್ಲೆಂದರೆ ಆಳೆತ್ತರದ ಮರದ ದಂಡ, ಅದಕ್ಕೆ ಬಿಗಿದ ಕರುಳಿನ ನಾರಿ, ಅಂದರೆ ಹೆದೆ. ನಾರಿಯನ್ನು ಹತ್ತಿಯೊಳಗೆ ಮುಳುಗಿಸಿ ಮರದ ಕೊಡತಿಯಿಂದ ಹೊಡೆದರೆ ಅದು ಗುಂಯ್ ಎಂದು ನಡುಗಿ ಹತ್ತಿಯ ಎಳೆ ಎಳೆ ಬಿಡಿಸುತ್ತದೆ. ಹತ್ತಿಯ ಜೊತೆಗೆ ಊರ ಮಂದಿಯ ಗಾದಿಗಳೊಳಗಿನ ಧೂಳೂ ಬಿಡಿಸಿಕೊಂಡು ಎದ್ದು, ಐವತ್ತು ವರ್ಷ ನೆಟ್ಟಗೆ ಮುದುಕನ ಎದೆಗೆ ಇಳಿದಿತ್ತು. ಈಗ ಹತ್ತು ಹೆಜ್ಜೆ ನಡೆದರೆ ಎದೆ ಸಿಳ್ಳೆ ಹಾಕುತ್ತದೆ. ‘ಇನ್ನೊಮ್ಮೆ ಹತ್ತಿ ಮುಂದ ಕೂತ್ರ ನನ್ನ ಕಡೆ ಬರಬ್ಯಾಡ, ನೇರ ಕಬರಸ್ತಾನಕ್ಕ ಹೋಗು’ ಎಂದು ಡಾಕ್ಟರು ಗದರಿದ್ದರು.

ಅದಕ್ಕೇ ವಸೀಮಾ ಮಷಿನ್ ಹುಡುಕಿದಳು. ಸಿಂಧನೂರಿನ ಹಾಜಿಸಾಬ ಕೈಲಾಗದೆ ಅಂಗಡಿ ಮುಚ್ಚಿದಾಗ, ಅವನ ಹತ್ತಿ ಹಿಂಜುವ ಡ್ರಮ್ಮನ್ನು ಇವಳು ತಂದಳು. ಮೈತುಂಬ ಮುಳ್ಳುಹಲ್ಲುಗಳಿರುವ ಕಬ್ಬಿಣದ ಡ್ರಮ್ಮು. ಒಂದು ಕಡೆ ಹತ್ತಿ ಇಡುವ ತಟ್ಟೆ, ಇನ್ನೊಂದು ಕಡೆ ಹಿಂಜಿದ ಹತ್ತಿ ಹಾರಿ ಬೀಳುವ ಬಾಯಿ. ನಿಯಾಜ್ ಅದಕ್ಕೆ ಹೊಸ ಬೇರಿಂಗ್ ಹಾಕಿ, ಸ್ಟ್ಯಾಂಡು ಬೆಸೆದು ಕೊಟ್ಟಿದ್ದ. ಹಾಜಿಸಾಬನ ಮೋಟರ್ ಮೂರು ಫೇಸಿನದು. ವಸೀಮಾಳ ಮನೆಗೆ ಇದ್ದದ್ದು ಒಂದೇ ಫೇಸು. ಹಾಗಾಗಿ ಮೋಟರ್ ಒಂದೇ ಬಾಕಿ.

ಅಷ್ಟರಲ್ಲಿ ಮುಕ್ಕುಂದದ ಕಲ್ಯಾಣಮ್ಮ ಮಗಳ ಮದುವೆಗೆಂದು ಎಂಟು ಗಾದಿಯ ಹತ್ತಿಯನ್ನು ಟ್ರ್ಯಾಕ್ಟರಿನಲ್ಲಿ ಕಳಿಸಿದ್ದಳು. ಶುಕ್ರವಾರ ಗಾದಿ ಕೊಡಬೇಕು. ಮಾತು ಕೊಟ್ಟವನು ಜಂಗ್ಲಿಸಾಬನೇ.

“ಮಿಷನ್ ನಡೀತು, ಮಿಷನ್ನಿಲೆ ಕೊಡ್ತೀವಿ. ನಡೀಲಿಲ್ಲ, ನನ್ನ ಬಿಲ್ಲು ಎಲ್ಲಿಗೂ ಹೋಗಿಲ್ಲ,” ಎಂದಿದ್ದ ಮುದುಕ. “ಜಂಗ್ಲಿಸಾಬ ಮಾತು ತಪ್ಪಿದ ಅಂತ ಮುಕ್ಕುಂದದಾಗ ಅನ್ನಸ್ಕೊಳ್ಳಾಂವಲ್ಲ ನಾನು.”

ಎಂಟು ಗಾದಿಯ ಹತ್ತಿಯನ್ನು ಬಿಲ್ಲಿನಲ್ಲಿ ಹಿಂಜಿದರೆ ಒಂಬತ್ತನೆಯದರ ಮೇಲೆ ಮಾವನನ್ನೇ ಮಲಗಿಸಬೇಕಾಗುತ್ತದೆ ಎಂಬುದು ವಸೀಮಾಳಿಗೆ ಗೊತ್ತಿತ್ತು. ಅವಳು ತಮ್ಮನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಮೋಟರ್ ತಪ್ಪಬಾರದು ನಿಯಾಜ್.”

ಮಂಗಳವಾರ ಮಧ್ಯಾಹ್ನ ಮೋಟರ್ ಕೂಡಿಸಿ, ಬೆಲ್ಟು ಬಿಗಿದು ನಿಯಾಜ್ ಸ್ವಿಚ್ಚಿಗೆ ಕೈ ಹಾಕಿದ. ಜಂಗ್ಲಿಸಾಬ್ ಕೈ ಅಡ್ಡ ಹಿಡಿದ.

“ತಡಿ ಬೇಟಾ. ಹತ್ತಿ ಎಲ್ಲೈತಿ?”

“ಮೊದಲ ಒಂದೀಟು ತಿರಗಸಿ ನೋಡೂಣು ಮಾವ.”

“ಹುಚ್ಚದೀಯೇನು? ಖಾಲಿ ನಾರಿಗೆ ಪೆಟ್ಟು ಹಾಕಬಾರದು. ನಮ್ಮಪ್ಪ ಹಾಕಿಲ್ಲ, ಅವರಪ್ಪ ಹಾಕಿಲ್ಲ. ಖಾಲಿ ಹೊಡದ್ರ ಬರಕತ್ ಹೋಗತೈತಿ.”

ಅದು ಅವರ ಮನೆತನದ ನೇಮ. ನಾರಿಯ ಅಡಿಯಲ್ಲಿ ಹತ್ತಿ ಇಡದೆ ದಿನದ ಮೊದಲ ಪೆಟ್ಟು ಬೀಳಕೂಡದು, ಬಿದ್ದರೆ ದುಡಿಮೆಯ ಏಳಿಗೆಯೇ ಹೋದಂತೆ. ಬಿಲ್ಲು ಹೋಗಿ ಡ್ರಮ್ಮು ಬಂದರೂ ಮುದುಕನ ಲೆಕ್ಕದಲ್ಲಿ ಡ್ರಮ್ಮಿನ ಹಲ್ಲೂ ನಾರಿಯೇ. ವಸೀಮಾ ಎರಡು ಬೊಗಸೆ ಹತ್ತಿಯನ್ನು ಹಲ್ಲುಗಳ ನಡುವೆ ಒತ್ತಿ ತುಂಬಿದಳು. ಜಂಗ್ಲಿಸಾಬ್ ಬಿಸ್ಮಿಲ್ಲಾ ಎಂದ. ನಿಯಾಜ್ ಸ್ವಿಚ್ ಹಾಕಿದ.

ಮೋಟರ್ ಗುಂಯ್ಗುಟ್ಟಿತು, ಏಳಲಿಲ್ಲ. ತಲೆಯ ಮೇಲಿನ ಬಲ್ಬು ಕೆಂಡದ ಹಾಗೆ ಕೆಂಪಾಯಿತು. ಬಾಜು ಮನೆಯ ಫ್ಯಾನು ತೇಕುತ್ತ ನಿಂತಿತು, ಅಲ್ಲಿಂದ ಒಬ್ಬಳು ಕೂಗಿದಳು, “ಯಾರಬೇ ಅದು, ಓಣಿ ಕರೆಂಟೆಲ್ಲಾ ಕುಡದೀರಲ್ಲ!”

ನಿಯಾಜ್ ಆರಿಸಿ ಮತ್ತೆ ಹಾಕಿದ. ಮತ್ತೆ ಅದೇ. ಮೂರನೇ ಸಲ ಹಲ್ಲು ಕಚ್ಚಿ ಹಾಗೇ ಬಿಟ್ಟ, ಎಲ್ಲಿಗೆ ಹೋಗ್ತಿ ನೋಡೇಬಿಡುತ್ತೇನೆ ಅನ್ನುವವನ ಹಾಗೆ. ಮೋಟರಿನ ಬೆನ್ನ ಮೇಲಿದ್ದ ಕೆಪಾಸಿಟರ್ ಉಬ್ಬಿ, ಢಬ್ ಎಂದು ಒಡೆದು, ಕಿಡಿ ಹಾರಿ ಹತ್ತಿಯ ಮೇಲೆ ಬಿತ್ತು. ಕಲ್ಯಾಣಮ್ಮನ ಹತ್ತಿಯ ಒಂದು ಮೂಲೆ ಬುಗ್ಗೆಂದಿತು. ವಸೀಮಾ ಒದ್ದೆ ಗೋಣಿಚೀಲ ಎಳೆದು ಅದರ ಮೇಲೆ ಬಿದ್ದಳು. ಉರಿ ಆರಿತು, ಅಂಗೈ ಮಾತ್ರ ಕೆಂಪಾಯಿತು.

ಜಂಗ್ಲಿಸಾಬ್ ಒಳಗೆ ಹೋದ. ಗೂಟದ ಮೇಲಿನ ಬಿಲ್ಲು ಇಳಿಸುವ ಸದ್ದು ಕೇಳಿತು. ವಸೀಮಾ ಸುಟ್ಟ ಕೈಯಲ್ಲೇ ಓಡಿಹೋಗಿ ಬಿಲ್ಲಿನ ಇನ್ನೊಂದು ತುದಿ ಹಿಡಿದಳು.

“ಗುರುವಾರ ಮಧ್ಯಾಹ್ನದ ನಮಾಜಿನ ತನಕ ಬಿಡು ಮಾವ. ಅದಾದ ಮ್ಯಾಲ ನಾನೇ ತೆಗೆದು ನಿನ್ನ ಕೈಯಾಗ ಕೊಡ್ತೀನಿ.”

“ಗುರುವಾರ ಅಂದ್ರ ಗುರುವಾರ,” ಎಂದ ಮುದುಕ. ಅಷ್ಟು ಮಾತಿಗೇ ಅವನ ಎದೆ ಸಿಳ್ಳೆ ಹಾಕಿತು.

ನಿಯಾಜ್ ಅಂಗಳದಲ್ಲಿ ನಿಂತು ಕರೆಂಟಿನವರಿಗೆ ಬೈದ, ತಂತಿಗೆ ಬೈದ, ಅಂಗಡಿಯವನಿಗೆ ಬೈದ. ಕಾಲುವೆಯ ನೀರೂ ಮೇಲಿನವರಿಗೇ ಮೊದಲು, ಕರೆಂಟೂ ಮೇಲಿನವರಿಗೇ ಮೊದಲು; ತುದಿಗೆ ಬದುಕುವವರು ಉಳಿದದ್ದನ್ನು ನೆಕ್ಕಬೇಕು! ವಸೀಮಾ ಅಂಗೈಗೆ ಟೂತ್‌ಪೇಸ್ಟ್ ಸವರಿಕೊಳ್ಳುತ್ತ ಕೇಳಿದಳು.

“ಬಡವನ ಸಿಟ್ಟು ದವಡಿಗೆ ಮೂಲ ಅಂತಾರ. ನಿಂದು ನನ್ನ ಅಂಗೈಗೆ ಮೂಲ ಆತು ನೋಡು. ಬೈಯೋದು ಮುಗೀತೇನು? ಮುಗದ್ರ ಹೇಳು, ಮುಂದೇನು ಮಾಡ್ತಿ?”

ಬುಧವಾರ ಬೆಳಿಗ್ಗೆ ನಿಯಾಜ್ ಅದೇ ಮೋಟರನ್ನು ಅದೇ ಟ್ಯಾಂಕಿನ ಮೇಲೆ ಹೇರಿಕೊಂಡು, ತನ್ನೂರು ಮಸ್ಕಿಯನ್ನು ದಾಟಿ, ಲಿಂಗಸುಗೂರಿಗೆ ಹೋದ. ಅಲ್ಲಿ ಒಂದು ಸಣ್ಣ ಗಲ್ಲಿಯಲ್ಲಿ ಕರಿಬಸಪ್ಪ ಎಂಬ ಮುದುಕ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಾನೆ ಎಂದು ಕೇಳಿದ್ದ.

ಕರಿಬಸಪ್ಪನ ಹಣೆಯಲ್ಲಿ ಮೂರು ಬೆರಳ ವಿಭೂತಿ, ಅಂಗಿಯ ಜೇಬಿನಲ್ಲಿ ತಾಮ್ರದ ತಂತಿಯ ಸುರುಳಿ. ನಿಯಾಜ್ ಸಿಂಧನೂರಿನ ಅಂಗಡಿ, ವಳಕಮದಿನ್ನಿಯ ಡ್ರಮ್ಮು ಎಂದು ಹೇಳುತ್ತಿದ್ದಂತೆಯೇ, ಮೋಟರನ್ನು ಬಿಚ್ಚುವ ಮೊದಲು, ಹಳಸಿದ ಸಾರನ್ನು ಮೂಸುವ ಹಾಗೆ ಮೂಸಿದ.

“ಸತ್ತಿಲ್ಲ. ಕೆಪಾಸಿಟರ್ ಅಷ್ಟ ಹೋಗೈತಿ. ಎಷ್ಟೊತ್ತು ಹಿಡಿದಿದ್ದೆಲೋ?”

“ಒಂದು ನಿಮಿಷ ಇರಬೇಕ್ರಿ.”

“ಎಷ್ಟು ಸಲ?”

“ಮೂರು.”

“ನಾಕನೇದ್ದು ಯಾಕ ಬಿಟ್ಟಿ?”

ನಿಯಾಜ್ ನುಂಗಿಕೊಂಡ. “ಇದು ಸಾಕಾಗವಲ್ದು ಕಾಕಾ. ಮೂರು ಎಚ್‌ಪಿದು ಇದ್ರ ಕೊಡ್ರಿ.”

“ಮೂಗಿಗಿಂತ ಮೂಗುತಿ ಭಾರ ಮಾಡಬ್ಯಾಡೋ ತಮ್ಮಾ. ಊರು ಯಾವುದು, ವಳಕಮದಿನ್ನಿ ಅಂದೆಲ್ಲ? ಕಾಲುವಿ ತುದಿ ಹೊಲದಾಂವ ದೊಡ್ಡ ಪೈಪ್ ಇಳಿಬಿಟ್ರ ನೀರು ಜಾಸ್ತಿ ಬರತೈತೇನು? ಇದ್ದದ್ದೂ ಒಂದ ಗುಟುಕಿಗೆ ಎಳಕೊಂಡು ಕಾಲುವಿ ಬತ್ತತೈತಿ. ಮೋಟರಿನ ಹಣೇಬಾರಾನೂ ಹಂಗ. ನಡಿವಾಗ ಕುಡಿಯೋದಕ್ಕಿಂತ ಏಳುವಾಗ ಐದಾರು ಪಟ್ಟು ಕುಡೀತೈತಿ. ದೊಡ್ಡ ಮೋಟರಿಗೆ ದೊಡ್ಡ ಗುಟುಕು. ತುದಿ ತಂತ್ಯಾಗ ಅಷ್ಟು ಎಲ್ಲಿಂದ ಬರಬೇಕು?”

ಕೆಂಪಾದ ಬಲ್ಬು ನಿಯಾಜನ ಕಣ್ಣ ಮುಂದೆ ಬಂತು.

“ಈಗ ಹೇಳು,” ಎಂದ ಕರಿಬಸಪ್ಪ. “ನಿಮ್ಮ ಮನಿಗೆ ವೋಲ್ಟೇಜ್ ಎಷ್ಟು ಬರತೈತಿ? ನಿಂತ ಡ್ರಮ್ಮು ಹೊರಳಿಸಾಕ ಎಷ್ಟು ಬಲ ಬೇಕು? ಖಾಲಿ ಇದ್ದಾಗ ಸುರು ಮಾಡ್ತೀರೋ, ಹತ್ತಿ ತುಂಬಿ ಮಾಡ್ತೀರೋ?”

ಕಿವಿ ಮತ್ತೆ ಕಾದವು. “ನೀವೂ ನನ್ನ ಪರೀಕ್ಷಿ ತಗೊಳಾಕತ್ತೀರೇನ್ರಿ? ಇದ್ರ ಕೊಡ್ರಿ, ಇಲ್ಲಂದ್ರ ಇಲ್ಲ ಅನ್ರಿ!”

“ಡಾಕ್ಟರ್ ಎಲ್ಲಿ ನೋಯತೈತಿ ಅಂತ ಕೇಳಿದ್ರ ಅವನ ಕುತ್ತಿಗಿ ಹಿಡಿತೀಯೇನು? ಸಿಂಧನೂರಾಂವ ಏನು ಕೇಳಿದ್ದ ನಿನಗ?”

“ಅದೇನೋ ಸ್ಟಾರ್ಟಿಂಗ್ ಟಾರ್ಕ್ ಅಂದ.”

“ನಿಂತದ್ದನ್ನ ಎಬ್ಬಸಾಕ ಎಷ್ಟು ಬಲ ಬೇಕು ಅನ್ನೋದಕ್ಕ ಅವ ಹಂಗಂದ. ನಾನೂ ಅದನ್ನ ಕೇಳಾಕತ್ತೀನಿ. ನಿನಗ ಗೊತ್ತಿರಲಿಲ್ಲ, ಅವಗ ಹೇಳಾಕ ಬರಲಿಲ್ಲ. ಮಣ ಸಿಟ್ಟು ಹೊತ್ಕೊಂಡು ಬಂದಿ.”

ಹೊಡೆದರೆ ನೋಯುತ್ತಿರಲಿಲ್ಲ. ಈ ಮಾತು ನೋಯಿತು. ಬೈಕಿನ ಕೀಲಿ ಕೈಯಲ್ಲೇ ಇತ್ತು, ಎದ್ದು ಹೋಗಬಹುದಿತ್ತು. ಆದರೆ ಎದ್ದು ಹೋದರೆ ನಾಳೆ ಮಧ್ಯಾಹ್ನದ ನಮಾಜಾದ ಮೇಲೆ ವಸೀಮಾ ತನ್ನ ಕೈಯಾರೆ ಬಿಲ್ಲು ತೆಗೆದುಕೊಡಬೇಕು. ನಿಯಾಜ್ ಕೀಲಿಯನ್ನು ಜೇಬಿಗೆ ಹಾಕಿದ, ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ.

“ಅಕ್ಕಾ, ನಮ್ಮ ವೋಲ್ಟೇಜ್ ಎಷ್ಟಂತ ಗೊತ್ತಾಗಬೇಕು.”

“ನಾ ಏನು ಲೈನ್‌ಮನ್ನೇನೋ?”

“ಬಾಜು ಮನ್ಯಾಗ ಫ್ರಿಜ್ ಐತೇನವಾ?” ಎಂದು ಕರಿಬಸಪ್ಪ ನಡುವೆ ಬಾಯಿ ಹಾಕಿದ. “ಅದರ ಸ್ಟೆಬಿಲೈಸರ್ ಮ್ಯಾಲ ಕೆಂಪು ನಂಬರ್ ಉರೀತಿರತೈತಿ, ನೋಡಿ ಬಾ.”

ಹೋಗಿ ಬಂದಳು. “ನೂರಾ ಎಪ್ಪತ್ತೆರಡು ಐತ್ರಿ ಕಾಕಾ. ಒಮ್ಮೊಮ್ಮೆ ಎಪ್ಪತ್ತೆಂಟು ಆಗತೈತಿ.”

“ಇರಬೇಕಾದ್ದು ಇನ್ನೂರಾ ಮೂವತ್ತು,” ಎಂದು ಕರಿಬಸಪ್ಪ ನಿಯಾಜನ ಕಡೆ ನೋಡಿದ. “ಈಗ ಡ್ರಮ್ಮಿನ ಪುಲ್ಲಿಗೆ ಹಗ್ಗ ಸುತ್ತವಾ. ತುದಿಗೆ ಕೊಡ ಕಟ್ಟು. ಚರಿಗಿಲೆ ನೀರು ಹಾಕ್ಕೋತ ಹೋಗು, ಡ್ರಮ್ಮು ಎಷ್ಟಕ್ಕ ಹೊರಳತೈತಿ ಹೇಳು. ಖಾಲಿ ಇಟ್ಟು ಒಮ್ಮೆ, ಹತ್ತಿ ತುಂಬಿ ಒಮ್ಮೆ.”

ಆ ಕಡೆ ಕೊಡ ಉರುಳುವ, ನೀರು ಸುರಿಯುವ ಸದ್ದು. ಎಷ್ಟೋ ಹೊತ್ತಿನ ಮೇಲೆ ವಸೀಮಾ ಏದುಸಿರಿನಲ್ಲಿ ಬಂದಳು.

“ಖಾಲಿ ಇದ್ದದ್ದು ಮೂರು ಚರಿಗಿಗೆ ಹೊರಳಿತ್ರಿ. ಮಾವ ಹೊರಗ ಹೋಗಿದ್ದ, ಅದಕ್ಕ ಮಾಡಿದೆ. ಹತ್ತಿ ತುಂಬಿದಾಗ ಒಂದು ಕೊಡ ತುಂಬಿ ತುಳುಕಿದ್ರೂ ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಕೊಡ ಕಟ್ಟಿದ ಮ್ಯಾಲ ಜರಗತು. ಜರಗಿ ನನ್ನ ಕಾಲ ಮ್ಯಾಲ ಬಿತ್ತು.”

ಕರಿಬಸಪ್ಪ ತೊಡೆ ತಟ್ಟಿದ. “ನೋಡಿದೇನೋ? ಒಮ್ಮೆ ತಿರುಗಾಕ ಹತ್ತಿದ ಮ್ಯಾಲ ಈ ಡ್ರಮ್ಮಿಗೆ ಒಂದು ಎಚ್‌ಪಿ ಧಾರಾಳ. ಏಳೋದ ಕಷ್ಟ. ಖಾಲಿ ಎಬ್ಬಿಸ್ರಿ, ಆಮ್ಯಾಲ ಹತ್ತಿ ಕೊಡ್ರಿ. ಮುಗೀತು.”

“ಅದು ಆಗಂಗಿಲ್ರಿ,” ಎಂದರು ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ. ನಿಯಾಜ್ ಮುದುಕನ ನೇಮ ಹೇಳಿದ. ಹೇಳುವಾಗ ನಾಚಿಕೆಯೂ ಆಯಿತು, ಈತ ನಕ್ಕರೆ ಬಿಡಬಾರದು ಎಂಬ ಸಿಟ್ಟೂ ಬಂತು.

ಕರಿಬಸಪ್ಪ ನಗಲಿಲ್ಲ. “ಗೊತ್ತಾಗದಂಗ ಮಾಡಾಕ ಬರಂಗಿಲ್ಲೇನು?”

“ಇವತ್ತು ಕದ್ದು ಮಾಡಬೌದ್ರಿ,” ಎಂದಳು ವಸೀಮಾ. “ಅವಗ ಒಂದಿನ ಗೊತ್ತಾಗತೈತಿ. ಗೊತ್ತಾದ ಮರುದಿನ ಈ ಮಿಷನ್ ಹರಾಮ್ ಅಂತ ಬಿಲ್ಲು ಹಿಡೀತಾನ. ಅವನ ಕೈಯಾಗ ಬಿಲ್ಲು ಬರಬಾರದಂತನ ನಾ ಇಷ್ಟೆಲ್ಲಾ ಮಾಡಾಕತ್ತಿದ್ದು.”

ಫೋನ್ ಇಟ್ಟ ಮೇಲೆ ಗಲ್ಲಿಯಾಚೆಯ ರಸ್ತೆಯಲ್ಲಿ ಒಂದು ಕೊಯ್ಲಿನ ಮಷಿನ್ ದೊಡ್ಡ ಟೈರುಗಳ ಮೇಲೆ ಗುಡುಗುತ್ತ ಹೋಯಿತು. ನಿಯಾಜನ ಕಣ್ಣು ರೂಢಿಯಿಂದ ಅದರ ಬೆಲ್ಟಿನ ಕಡೆ ಹೋಯಿತು. ಇಂಜಿನ್ ಓಡುತ್ತಿತ್ತು, ಕೊಯ್ಯುವ ಭಾಗ ಸುಮ್ಮನಿತ್ತು. ಹೊಲಕ್ಕಿಳಿದ ಮೇಲೆ ಡ್ರೈವರ್ ಸನ್ನೆಕೋಲು ಎಳೆಯುತ್ತಾನೆ. ಸಡಿಲ ಬೆಲ್ಟು ಬಿಗಿಯುತ್ತದೆ. ಆಗ ಕತ್ತಿ ತಿರುಗುತ್ತದೆ. ಆ ಸನ್ನೆಗಳನ್ನು ಅವನು ಎಷ್ಟು ಸಲ ಬಿಚ್ಚಿ ಕಟ್ಟಿದ್ದಾನೋ ಅವನಿಗೇ ಲೆಕ್ಕವಿಲ್ಲ.

“ಕಾಕಾ,” ಎಂದ. “ತುಂಬಿ ಇರಬೇಕಾದ್ದು ಡ್ರಮ್ಮು. ಮೋಟರಿಗೆ ಯಾವ ನೇಮಾನೂ ಇಲ್ಲಲ್ಲ?”

“ಏನು ಹಂಗಂದ್ರ?”

“ಬೆಲ್ಟು ಸಡಿಲ ಬಿಡ್ತೀನಿ. ಮೋಟರ್ ತಾನೊಂದ ಏಳಲಿ. ಪೂರಾ ಓಟಕ್ಕ ಬಂದ ಮ್ಯಾಲ ಸನ್ನಿ ಒತ್ತಿ ಬೆಲ್ಟು ಬಿಗೀತೀನಿ, ನಿಧಾನಕ್ಕ. ಹತ್ತಿ ತುಂಬಿದ ಡ್ರಮ್ಮು ಆವಾಗ ಹೊರಳತೈತಿ.”

ಕರಿಬಸಪ್ಪ ಬೀಡಿ ಹಚ್ಚುವುದನ್ನು ಮರೆತು ಅವನ ಮುಖ ನೋಡಿದ. ಆಮೇಲೆ ಎದ್ದು, ಮೂರ್ನಾಲ್ಕು ಮೋಟರುಗಳನ್ನು ಎಳೆದು ತಂದು ಅವನ ಮುಂದೆ ಸಾಲಾಗಿ ಇಟ್ಟ. “ಆರಿಸು. ನಾ ಹೇಳಂಗಿಲ್ಲ.”

ಒಂದು ಕೂಲರಿನ ಮೋಟರ್: ಹಗುರ, ಗಾಳಿ ಬೀಸುವುದಕ್ಕಷ್ಟೇ ಸಾಕು. ನಿಯಾಜ್ ಅದನ್ನು ಮುಟ್ಟಲೇ ಇಲ್ಲ. ಇನ್ನೊಂದು ಒಂದು ಎಚ್‌ಪಿಯದೇ, ಹೊಳೆಯುತ್ತಿತ್ತು; ಮೈಯೆಲ್ಲ ಗಾಳಿಕಂಡಿ. ಕಂಡಿಯೊಳಗೆ ಬೆರಳು ಹಾಕಿದ.

“ಇದರಾಗ ಹತ್ತಿ ಎಳಿ ಹೊಕ್ಕು ಕೂಡತಾವ. ಒಳಗ ಸ್ವಿಚ್ ಕಿಡಿ ಹಾರಸತೈತಿ. ಬ್ಯಾಡ.”

ಮೂರನೆಯದರ ತಗಡಿನ ಮೇಲೆ ನಿಮಿಷಕ್ಕೆ ಸುತ್ತು ಎರಡು ಸಾವಿರದ ಎಂಟುನೂರಾ ಎಂಬತ್ತು ಎಂದಿತ್ತು. “ನೀರೆತ್ತೋ ಪಂಪಿಗೆ ಈ ಓಟ ಬೇಕು. ನಮ್ಮ ಪುಲ್ಲಿಗೆ ಹಾಕಿದ್ರ ಡ್ರಮ್ಮು ಎರಡು ಪಟ್ಟು ಓಡಿ ಹತ್ತಿ ಎಳಿ ಹರಕೋತೈತಿ.” ನಿನ್ನೆ ತಂದದ್ದೂ ಅಂಥದ್ದೇ ಎಂಬುದು ಹೇಳುತ್ತ ಹೇಳುತ್ತ ನೆನಪಾಗಿ ಧ್ವನಿ ಇಳಿಯಿತು.

ಕೊನೆಗೆ ಉಳಿದದ್ದು ಬಣ್ಣ ಹೋದ, ಒಂದು ಎಚ್‌ಪಿಯ ಬೂದಿ ಮೋಟರ್. ಮೈ ಪೂರಾ ಮುಚ್ಚಿತ್ತು. ಫ್ಯಾನು ಹೊರಗೆ ಟೋಪಿಯ ಕೆಳಗೆ. ಸುತ್ತು ಸಾವಿರದ ನಾನೂರಾ ನಲವತ್ತು. ಬೆನ್ನ ಮೇಲೆ ಎಬ್ಬಿಸುವ ಕೆಪಾಸಿಟರ್. ಮುಂದೆ ಚಾಚಿದ ದಂಡ ಹಿಡಿದು ತಿರುಗಿಸಿದ, ಅಲ್ಲಾಡಿಸಿದ, ಕಿವಿ ಹಚ್ಚಿದ. “ಇದು,” ಎಂದ.

“ಅದರ ತಂತಿ ನಮ್ಮ ಕಾಲುವಿ ಸೀಮಿ ಕರೆಂಟಿಗಂತನ ಸುತ್ತೀನಿ. ನೂರಾ ಎಪ್ಪತ್ತಕ್ಕೂ ಜಗ್ಗಂಗಿಲ್ಲ. ನಿನ್ನ ಆನಿ ಇಲ್ಲೇ ಕಟ್ಟು, ಅದರ ಬದಲಿಗೆ ಇದನ್ನ ಒಯ್ಯಿ.” ಕರಿಬಸಪ್ಪ ಬೀಡಿ ಹಚ್ಚಿಕೊಂಡ. “ಎಷ್ಟನೇ ಕ್ಲಾಸ್ ಕಲತೀಲೇ ನೀ?”

“ಎಂಟು. ಅದೂ ಪೂರಾ ಇಲ್ರಿ.”

“ಚಲೋ ಆತು ಬಿಡು. ಒಂಬತ್ತಕ್ಕ ಹೋಗಿದ್ರ ನಿನ್ನ ಹಿಡಿಯೋರು ಯಾರೂ ಇರತಿದ್ದಿಲ್ಲ.”

ಆ ದಿನ ಸಂಜೆಯ ತನಕ ನಿಯಾಜ್ ಮಸ್ಕಿಯ ಶೆಡ್ಡಿನಲ್ಲಿ ಸನ್ನೆ ಬೆಸೆದ. ಮರುದಿನ ವಳಕಮದಿನ್ನಿಗೆ ಬಂದಾಗ ಹನ್ನೊಂದು ದಾಟಿತ್ತು, ಕರೆಂಟು ಇರಲಿಲ್ಲ. ಹನ್ನೆರಡಾಯಿತು. ಮೋಟರ್ ಕೂಡಿಸಿ, ಸನ್ನೆ ಬೋಲ್ಟು ಹಾಕಿ, ಬೆಲ್ಟು ಸಡಿಲಿಸಿ ಇಟ್ಟದ್ದಾಯಿತು, ಕರೆಂಟು ಬರಲಿಲ್ಲ. ಮಸೀದಿಯಿಂದ ಜಂಗ್ಲಿಸಾಬ್ ನಿಂತು ನಿಂತು ಬಂದ. ಬಂದವನೇ ಸೊಸೆಯ ಮುಂದೆ ಕೈ ಚಾಚಿದ.

“ನಮಾಜ್ ಆತು.”

“ಮಾವ, ಕರೆಂಟ್ ಇಲ್ಲ. ನಿಯಾಜ್ ಎಲ್ಲಾ ಮಾಡ್ಯಾನ...”

“ಕರೆಂಟ್ ಬರಲಿಲ್ಲ ಅಂದ್ರ ಕಲ್ಯಾಣಮ್ಮನ ಮಗಳ ಲಗ್ನ ನಿಲ್ಲತೈತೇನು? ಮಾತು ಅಂದ್ರ ಮಾತು. ಕೊಡು.”

ವಸೀಮಾ ಒಳಗೆ ಹೋಗಿ ಬಿಲ್ಲು ತಂದಳು. ಕೊಡುವಾಗ ಮುಖ ಆ ಕಡೆ ತಿರುಗಿಸಿದಳು. ಮುದುಕ ನೆಲದ ಮೇಲೆ ಹತ್ತಿ ಹರವಿ, ಕೂತು, ನಾರಿ ಇಳಿಸಿ ಹೊಡೆದ. ಗುಂಯ್. ನಾಲ್ಕನೇ ಪೆಟ್ಟಿಗೆ ಕೆಮ್ಮು ಶುರುವಾಯಿತು. ಎಂಟನೆಯದಕ್ಕೆ ಕೊಡತಿ ಕೈ ಜಾರಿತು. ಬೆನ್ನು ಬಾಗಿ ಹಣೆ ಬಿಲ್ಲಿಗೆ ತಾಗಿತು. ಸುಧಾರಿಸಿಕೊಂಡು ಮತ್ತೆ ಕೊಡತಿ ಹುಡುಕಿದ.

ಆಗ ಬಲ್ಬು ಹತ್ತಿತು.

ನಿಯಾಜ್ ಡ್ರಮ್ಮಿನ ಹಲ್ಲುಗಳಿಗೆ ಹತ್ತಿ ತುಂಬಿ, “ಮಾವ, ಬಿಸ್ಮಿಲ್ಲಾ ಅನ್ನು,” ಎಂದು ಸ್ವಿಚ್ ಹಾಕಿದ. ಬೂದಿ ಮೋಟರ್ ಒಂದು ಸಲ ಗೊಣಗಿ, ಎದ್ದು, ಓಡತೊಡಗಿತು. ಬೆಲ್ಟು ಸಡಿಲವಾಗಿ ಜೋತು ಜಾರುತ್ತಿತ್ತು, ಡ್ರಮ್ಮು ಕದಲಲಿಲ್ಲ. ಬಲ್ಬೂ ಮಬ್ಬಾಗಲಿಲ್ಲ.

“ಬಂದ್ ಮಾಡು!” ಮುದುಕ ಕೂತಲ್ಲಿಂದಲೇ ಕೂಗಿದ. “ಖಾಲಿ ತಿರಗಾಕತ್ತೈತಿ! ಹತ್ತಿ ಹಂಗ ಕೂತೈತಿ, ಮೋಟರ್ ಖಾಲಿ ಓಡತೈತಿ! ಯಾರ ಕಣ್ಣಿಗೆ ಮಣ್ಣು ಹಾಕ್ತೀಯೋ?”

ನಿಯಾಜನ ಬಾಯಿಗೆ ಬಂದ ಮಾತು ಬಹಳ ಕೆಟ್ಟದಿತ್ತು. ಮೂರು ಊರು ತಿರುಗಿದ್ದು, ನಗಿಸಿಕೊಂಡದ್ದು, ಬೈಸಿಕೊಂಡದ್ದು ಎಲ್ಲ ಆ ಮಾತಿನ ಹಿಂದೆ ಒತ್ತಿಕೊಂಡು ನಿಂತಿತ್ತು. ಮುದುಕನ ಕಡೆ ತಿರುಗಿದ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ಗಡ್ಡದ ತುಂಬ ಹತ್ತಿಯ ಎಳೆ. ಕೊಡತಿ ಹಿಡಿದ ಕೈ ಅರ್ಧಕ್ಕೆ ಎತ್ತಿ ನಿಂತಿತ್ತು, ಇಳಿಸಲಾರದೆ.

ನಿಯಾಜ್ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಮಾವ, ಈಗ ನಿನ್ನ ಕೈಯಾಗ ಕೊಡತಿ ಮ್ಯಾಲೆತ್ತಿದಿಯಲ್ಲ, ಅದು ಎಲ್ಲೈತಿ?”

“ಎಲ್ಲಿ ಅಂದ್ರ? ಗಾಳ್ಯಾಗೈತಿ.”

“ಗಾಳ್ಯಾಗ ಎತ್ತಿದ್ರ ಬರಕತ್ ಹೋತೇನು?”

“ಎತ್ತೋದಕ್ಕೇನಾಗತೈತಿ? ಪೆಟ್ಟು ಹತ್ತಿ ಮ್ಯಾಲ ಬಿದ್ರ ಆತು.”

“ಮೋಟರ್ ಈಗ ಕೈ ಎತ್ತೈತಿ. ಅಷ್ಟ. ಪೆಟ್ಟು ಇನ್ನಾ ಬಿದ್ದಿಲ್ಲ. ಡ್ರಮ್ಮಿನ್ಯಾಗ ಹತ್ತಿ ಐತಿ, ನಿನ್ನ ಕಣ್ಣಿಲೆ ನೋಡು. ಪೆಟ್ಟು ನೀನ ಹಾಕು ಬಾ.”

ಜಂಗ್ಲಿಸಾಬ್ ಮೋಟರನ್ನು ನೋಡಿದ, ಡ್ರಮ್ಮನ್ನು ನೋಡಿದ. ಜೋತ ಬೆಲ್ಟನ್ನು ಬಹಳ ಹೊತ್ತು ನೋಡಿದ. ಎರಡೂ ಕೈಯನ್ನು ನೆಲಕ್ಕೆ ಊರಿ ಎದ್ದ. ನಿಯಾಜ್ ಸನ್ನೆಯ ತುದಿಯನ್ನು ಅವನ ಅಂಗೈಗೆ ಕೊಟ್ಟ.

“ಜೋರು ಮಾಡಬ್ಯಾಡ. ನಾರಿ ಇಳಿಸಿದಂಗ ಇಳಿಸು.”

ನಾರಿ ಇಳಿಸುವುದನ್ನು ಮುದುಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಿಸ್ಮಿಲ್ಲಾ ಎಂದು ಸನ್ನೆಯನ್ನು ಅಷ್ಟಷ್ಟೇ ಒತ್ತಿದ. ಬೆಲ್ಟು ಬಿಗಿಯಿತು, ಕಿರುಗುಟ್ಟಿತು. ಮೋಟರಿನ ಧ್ವನಿ ದಪ್ಪಗಾಗಿ ಕೆಳಗಿಳಿಯಿತು. ವಸೀಮಾ ದುಪಟ್ಟಾದ ಅಂಚು ಕಚ್ಚಿ ಹಿಡಿದಳು. ಡ್ರಮ್ಮು ಒಂದು ಹಲ್ಲು ಜರುಗಿತು, ಇನ್ನೊಂದು, ಆಮೇಲೆ ಹಲ್ಲುಗಳೇ ಕಾಣದ ಹಾಗೆ ತಿರುಗಿತು. ಆಚೆ ಬಾಯಿಂದ ಹತ್ತಿ ಬೆಳ್ಳಗೆ ಹಾರಿ ಬಿತ್ತು.

ಓಣಿಯಿಂದ ಯಾರೂ ಬೈಯಲಿಲ್ಲ. ಬಾಜು ಮನೆಯ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು.

ಧೂಳು ಎದ್ದಿತು. ಮುದುಕ ಕೆಮ್ಮಿದ ಕೂಡಲೇ ವಸೀಮಾ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಂದು, ಸನ್ನೆಗೆ ಕೊಕ್ಕೆ ಹಾಕಿ, ಅವನ ರಟ್ಟೆ ಹಿಡಿದಳು.

“ಪೆಟ್ಟು ಹಾಕಿದೆಲ್ಲ? ಈಗ ಹೊರಗ.”

“ಅಲ್ಲವಾ, ಹತ್ತಿ ಹೆಂಗ ಬರಾಕತ್ತೈತಿ ನೋಡಬೇಕಲ್ಲ...”

“ಹೊರಗ ಕೂತು ನೋಡು. ಒಳಗ ಬಂದ್ರ ಕಾಲು ಮುರೀತೀನಿ ನೋಡು ಮಾವ!”

ನಿಯಾಜ್ ಅವನನ್ನು ಹೊರಗೆ ಬೇವಿನ ಗಿಡದ ಕೆಳಗೆ ಮಂಚದ ಮೇಲೆ ಕೂಡಿಸಿದ. ಕೂತವನು ಸುಮ್ಮನಿರಲಿಲ್ಲ, ಕಿಟಕಿಯಿಂದ ಒಂದು ಹಿಡಿ ಹತ್ತಿ ಕೊಡಿಸಿಕೊಂಡು, ಎರಡು ಬೆರಳಲ್ಲಿ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿದ.

“ಗಂಟು ಅದಾವ. ಇನ್ನೊಮ್ಮೆ ಹಾಕು.”

ವಸೀಮಾ ಇನ್ನೊಮ್ಮೆ ಹಾಕಿದಳು. ಮತ್ತೊಂದು ಹಿಡಿ ಹೊರಗೆ ಬಂತು.

“ಕಸ ಐತಿ. ಯಾರಿಗೆ ಹೊಲಿತೀರಿ ಇದನ್ನ, ಎತ್ತಿಗೇನು?”

“ಮುದಿಯಾ, ನೀ ಅಲ್ಲೇ ಸಾಯಿ!” ಎಂದು ಒಳಗಿನಿಂದ ವಸೀಮಾ ಕೂಗಿದಳು. ಕೂಗಿದವಳ ಧ್ವನಿಯಲ್ಲಿ ನಗು ಇತ್ತು. ಹತ್ತಿ ಮತ್ತೆ ಡ್ರಮ್ಮಿಗೆ ಹೋಯಿತು. ಮೂರನೇ ಹಿಡಿಗೆ ಮುದುಕ ಏನೋ ಗೊಣಗಿದ. ಏನೆಂದು ನಿಯಾಜನಿಗೆ ಕೇಳಿಸಲಿಲ್ಲ.

ನಾಲ್ಕನೇ ಹಿಡಿಯನ್ನು ಮುದುಕ ವಾಪಸು ಕೊಡಲಿಲ್ಲ. ಬಿಲ್ಲು ಎಲ್ಲಿಟ್ಟರು ಎಂದೂ ಕೇಳಲಿಲ್ಲ. ಹತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗೋಡೆಯಾಚೆಯ ಡ್ರಮ್ಮಿನ ಸದ್ದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಉಸಿರಾಡುತ್ತ ಕೂತ.